ಭಾರ ಎತ್ತಿದರೆ ಸಾಕೆ?



ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯ ಹುಡುಗರು ಎಲ್ಲೇ ಸಿಗಲಿ, ನನ್ನನ್ನು ಹಳೆಯ ಪಿ.ಟಿ. ಮೇಷ್ಟ್ರು ಎಂದು ಗುರುತು ಹಿಡಿದು ಕೇಳುವ ಪ್ರಶ್ನೆ ಈಗ ಒಂದೇ. “ಸಾರ್, ದಿನಾ ಜಿಮ್‌ಗೆ ಹೋಗ್ತಿದೀನಿ. ಎದೆ ಬಂತು, ತೋಳು ಬಂತು. ಹೊಟ್ಟೆ ಮಾತ್ರ ಹಂಗೇ ಐತೆ. ಇನ್ನೂ ಜಾಸ್ತಿ ಎತ್ಬೇಕಾ?” ಹಗಲೆಲ್ಲ ದುಡಿದು, ಸಂಜೆ ಬೈಕು ಹತ್ತಿ ಚನ್ನಪಟ್ಟಣಕ್ಕೆ ಹೋಗಿ, ಕಬ್ಬಿಣ ಎತ್ತಿ, ರಾತ್ರಿ ಊರು ಸೇರುವ ಹುಡುಗರು ಇವರು. ಶ್ರದ್ಧೆಗೆ ಏನೂ ಕೊರತೆಯಿಲ್ಲ. ಅವರಿಗೆ ಸರಿಯಾದ ಉತ್ತರ ಸಿಗಬೇಕು ಎಂಬ ಆಸೆಯಿಂದ ಇವತ್ತು ಮಾತಿಗೆ ಕೂತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಭಾರ ಎತ್ತುವುದು ಬೇಕು, ಗಂಡಸರಿಗೂ ಬೇಕು, ಹೆಂಗಸರಿಗೂ ಬೇಕು, ವಯಸ್ಸಾದವರಿಗಂತೂ ಬೇಕೇ ಬೇಕು. ಆದರೆ ಬೊಜ್ಜು ಇಳಿದು ಮೈ ಹಗುರಾಗುವುದಕ್ಕೆ, ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಾರದ ಹಾಗೆ ದಮ್ಮು ಬೆಳೆಯುವುದಕ್ಕೆ ಅದೊಂದೇ ಸಾಲದು. ಇದನ್ನು ನಮ್ಮ ನಾಡು ಎಂಟುನೂರು ವರ್ಷಕ್ಕೂ ಹಿಂದೆಯೇ ಅರಿತಿತ್ತು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆಸಿದ. ಇವತ್ತಿನ ಬಸವಕಲ್ಯಾಣವೇ ಅವನ ರಾಜಧಾನಿ. ಅಡುಗೆಯಿಂದ ಹಿಡಿದು ಆನೆ ಪಳಗಿಸುವವರೆಗೆ ಎಲ್ಲವೂ ಇರುವ ಆ ಗ್ರಂಥದಲ್ಲಿ ಮಲ್ಲವಿನೋದ ಎಂಬ ಒಂದು ಭಾಗ ಕುಸ್ತಿಯವರಿಗೇ ಮೀಸಲು. ಮಲ್ಲರು ಮಾಡಬೇಕಾದ ಸಾಧನೆಗಳ ಹೆಸರುಗಳು ಅಲ್ಲಿವೆ. ಭಾರಶ್ರಮ ಅಂದರೆ ತೂಕ ಎತ್ತುವುದು. ಅದರ ಜೊತೆಗೇ ಭ್ರಮಣಶ್ರಮ, ಅಂದರೆ ತಿರುಗಾಟ. ಸಲಿಲಶ್ರಮ, ನೀರಿನಲ್ಲಿ ಈಜುವುದು. ಸ್ತಂಭಶ್ರಮ, ಕಂಬದ ಮೇಲಿನ ಸಾಧನೆ. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಒದಗಿಸುವುದು ಅರಸನ ಹೊಣೆ ಎಂದೂ ಇದೆ. ಆನೆಯಂಥ ಮಲ್ಲರನ್ನು ಸಾಕುತ್ತಿದ್ದ ಅರಮನೆಯಲ್ಲೂ ಭಾರ ಎತ್ತುವುದು ಹಲವು ಶ್ರಮಗಳಲ್ಲಿ ಒಂದು ಅಷ್ಟೇ. ನಡೆಯುವುದಕ್ಕೂ ಈಜುವುದಕ್ಕೂ ಅದರ ಪಕ್ಕದಲ್ಲೇ ಜಾಗ ಕೊಟ್ಟಿದ್ದರು.

ದೂರದ ಕಲ್ಯಾಣ ಯಾಕೆ, ನಮ್ಮ ಚನ್ನಪಟ್ಟಣದ ಮಾತೇ ಆಡೋಣ. ಪ್ರತಿ ವರ್ಷ ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ಅದಕ್ಕೆ ಇಳಿಯುವ ಜೆಟ್ಟಿಗಳು ಮೈಸೂರು, ಬೆಂಗಳೂರು, ಚಾಮರಾಜನಗರದಿಂದ ಬರುವಂತೆ ಚನ್ನಪಟ್ಟಣದಿಂದಲೂ ಬರುತ್ತಾರೆ. ತಲೆ ಬೋಳಿಸಿ, ಮುಷ್ಟಿಗೆ ಆಯುಧ ತೊಟ್ಟು ಇಳಿಯುತ್ತಾರೆ. ಎದುರಾಳಿಯ ತಲೆಯಿಂದ ನೆತ್ತರು ಕಂಡೊಡನೆ ಕಾಳಗ ಮುಗಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಗ್ಗಿ, ತಪ್ಪಿಸಿಕೊಂಡು, ಹೊಡೆಯುವ ಆ ಚುರುಕು ತೋಳಿನ ಗಾತ್ರದಿಂದ ಬರುವಂಥದ್ದಲ್ಲ.

ಹಳೇ ಮೈಸೂರಿನ ಗರಡಿಮನೆ ನೋಡಿದವರಿಗೆ ಇದು ಗೊತ್ತು. ಗರಡಿಗೆ ಹೋದ ಹುಡುಗನ ಕೈಗೆ ಮೊದಲ ದಿನ ಗುಂಡುಕಲ್ಲು ಕೊಡುತ್ತಿರಲಿಲ್ಲ. ಗುದ್ದಲಿ ಕೊಡುತ್ತಿದ್ದರು. ಕೆಮ್ಮಣ್ಣಿನ ಮಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಅಗೆದು, ಹೆಂಟೆ ಒಡೆದು, ಕೈಯಲ್ಲಿ ಸಮ ಮಾಡಬೇಕು. ಅಷ್ಟು ಹೊತ್ತಿಗೆ ಬೆವರು ಹರಿದು, ಉಸಿರು ಒಂದು ಹದಕ್ಕೆ ಬಂದಿರುತ್ತದೆ. ಆಮೇಲೆ ದಂಡೆ, ಬಸ್ಕಿ. ಆಮೇಲೆ ಗದೆ ತಿರುಗಿಸುವುದು, ಹಗ್ಗ ಹತ್ತುವುದು. ಕೊನೆಗೆ ಜೋಡಿ ಕಟ್ಟಿ ಮಟ್ಟಿಗೆ ಇಳಿಯುವುದು. ಬಲ, ದಮ್ಮು, ಮೈಯ ಬಾಗು ಎಲ್ಲವೂ ಒಂದೇ ಬೆಳಗಿನಲ್ಲಿ ಆಗಿಹೋಗುತ್ತಿತ್ತು. ಇವತ್ತಿನ ಜಿಮ್ ಅದರಲ್ಲಿ ಒಂದು ತುಂಡನ್ನು ಮಾತ್ರ ತೆಗೆದುಕೊಂಡಿದೆ. ಆ ತುಂಡು ಒಳ್ಳೆಯದೇ. ಉಳಿದದ್ದನ್ನು ನಾವು ಬೇರೆ ಕಡೆ ಹುಡುಕಿ ಸೇರಿಸಿಕೊಳ್ಳಬೇಕು.

ಕಬ್ಬಿಣದ ವಿಷಯಕ್ಕೆ ಬಂದರೆ, ಕನ್ನಡಿಗರಲ್ಲಿ ಕೆ.ವಿ. ಅಯ್ಯರ್ ಅವರನ್ನು ಬಿಟ್ಟು ಮಾತು ಮುಂದೆ ಹೋಗುವುದಿಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿ ಬರೆದವರು ಎಂದು ಓದುಗರಿಗೆ ಗೊತ್ತು. ಅವರೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದವರು, ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರು. ಅವರ ದೇಹದಾರ್ಢ್ಯದ ಚಿತ್ರಗಳು ವಿದೇಶದ ಪತ್ರಿಕೆಗಳಲ್ಲಿ ಬಂದವು. ಅಂಚೆಯ ಮೂಲಕ ವ್ಯಾಯಾಮ ಕಲಿಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಬಾರ್‌ಬೆಲ್ ಹಿಡಿದು ಮೈ ಕಟ್ಟಿದ ಆ ಮನುಷ್ಯ ಅದೇ ಪುಸ್ತಕದಲ್ಲಿ, ತನ್ನನ್ನು ರೂಪಿಸಿದ್ದು ಕಬ್ಬಿಣ, ಸ್ಪ್ರಿಂಗುಗಳಿಗಿಂತ ಹೆಚ್ಚಾಗಿ ಹಠಯೋಗ ಎಂದು ಮನಸಾರೆ ಒಪ್ಪಿದ್ದಾರೆ. ಮುಂದೆ ಸೂರ್ಯನಮಸ್ಕಾರದ ಮೇಲೇ ಬೇರೆ ಪುಸ್ತಕ ಬರೆದರು. ನಮ್ಮ ಹುಡುಗರು ಮೊಬೈಲಿನಲ್ಲಿ ದೂರದೂರದ ಪೈಲ್ವಾನರನ್ನು ನೋಡುತ್ತಾರೆ. ಪಕ್ಕದ ಬೆಂಗಳೂರಿನಲ್ಲಿ ತೊಂಬತ್ತು ವರ್ಷದ ಹಿಂದೆ ಇಂಥವರೊಬ್ಬರು ಇದ್ದರು ಎಂಬುದೂ ಅವರಿಗೆ ತಿಳಿಯಲಿ ಎಂದು ನನ್ನ ಹಂಬಲ.

ಈಗ ಹೊಟ್ಟೆಯ ಲೆಕ್ಕ. ಎಪ್ಪತ್ತು ಕಿಲೋ ತೂಗುವ ಒಬ್ಬ ಯುವಕ ನಡುನಡುವೆ ವಿರಾಮ ಕೊಟ್ಟುಕೊಂಡು ಒಂದು ಗಂಟೆ ಭಾರ ಎತ್ತಿದರೆ ಸುಮಾರು 250ರಿಂದ 400 ಕ್ಯಾಲೊರಿ ಖರ್ಚಾಗುತ್ತದೆ. ಒಂದು ಕಿಲೋ ಬೊಜ್ಜಿನಲ್ಲಿ ಅಡಗಿರುವುದು ಸುಮಾರು 7,700 ಕ್ಯಾಲೊರಿ. ಅಂದರೆ ದಿನಾ ಎತ್ತಿ, ಊಟದಲ್ಲಿ ಒಂದು ತುತ್ತೂ ಹೆಚ್ಚು ಮಾಡದೆ ಇದ್ದರೆ ಒಂದು ಕಿಲೋ ಬೊಜ್ಜು ಇಳಿಯಲು ಮೂರು ವಾರ, ನಾಲ್ಕು ವಾರ ಬೇಕು. ಆದರೆ ಎತ್ತಿದವನಿಗೆ ಹಸಿವಾಗುತ್ತದೆ. ಜಿಮ್ಮಿನಿಂದ ಹೊರಗೆ ಬಂದವನು ಗೆಳೆಯರ ಜೊತೆ ಎರಡು ಮದ್ದೂರು ವಡೆ ತಿಂದು, ಒಂದು ಸಕ್ಕರೆ ಟೀ ಕುಡಿದರೆ ಆ ಗಂಟೆಯ ದುಡಿಮೆ ಹೆಚ್ಚುಕಡಿಮೆ ಅಲ್ಲಿಗೇ ಸಂದಾಯ. ಎಣ್ಣೆಯ ಒಂದೊಂದು ಗ್ರಾಮಿನಲ್ಲೂ 9 ಕ್ಯಾಲೊರಿ ಇರುತ್ತದೆ ಎಂಬುದನ್ನು ನೆನಪಿಡಿ.

ಇನ್ನೊಂದು ಮಾತು ಜಿಮ್‌ಗಳಲ್ಲಿ ಓಡಾಡುತ್ತಿದೆ. ಸ್ನಾಯು ಬೆಳೆದರೆ ಸಾಕು, ಮಲಗಿದ್ದಾಗಲೂ ಅದು ಬೊಜ್ಜು ಸುಡುತ್ತಿರುತ್ತದೆ ಅಂತ. ಸುಡುವುದು ನಿಜ, ಎಷ್ಟು ಅನ್ನುವುದು ಮುಖ್ಯ. ಸುಮ್ಮನೆ ಕೂತಾಗ ಒಂದು ಕಿಲೋ ಸ್ನಾಯು ದಿನವಿಡೀ ಖರ್ಚು ಮಾಡುವುದು ಸುಮಾರು 13 ಕ್ಯಾಲೊರಿ. ಕಷ್ಟಪಟ್ಟು ಮೂರು ಕಿಲೋ ಸ್ನಾಯು ಕಟ್ಟಿದರೂ ದಿನಕ್ಕೆ 39 ಆಯಿತು. ಅದು ಎರಡು ಟೀ ಚಮಚ ಸಕ್ಕರೆಯ ಲೆಕ್ಕ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಬೊಜ್ಜೇ ಮೊದಲು ಕರಗುತ್ತದೆ ಎಂಬ ನಂಬಿಕೆಯೂ ಹಾಗೆಯೇ. ಬೊಜ್ಜು ಎಲ್ಲಿಂದ ಮೊದಲು ಇಳಿಯಬೇಕು ಎಂಬುದು ನಮ್ಮ ಕೈಯಲ್ಲಿಲ್ಲ. ದೇಹ ಅದನ್ನು ಎಲ್ಲ ಕಡೆಯಿಂದಲೂ ತನಗೆ ಬೇಕಾದ ಹಾಗೆ ತೆಗೆಯುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ತೂಕ ಹೆಚ್ಚಿದ್ದ, ವ್ಯಾಯಾಮದ ರೂಢಿಯಿಲ್ಲದ 119 ಜನ. ಕೆಲವರು ಎಂಟು ತಿಂಗಳು ಭಾರ ಮಾತ್ರ ಎತ್ತಿದರು, ಕೆಲವರು ನಡಿಗೆ, ಓಟದಂಥವನ್ನು ಮಾತ್ರ ಮಾಡಿದರು, ಉಳಿದವರು ಎರಡನ್ನೂ ಮಾಡಿದರು. ಭಾರ ಮಾತ್ರ ಎತ್ತಿದವರಿಗೆ ಸುಮಾರು ಒಂದು ಕಿಲೋ ಸ್ನಾಯು ಬಂತು, ಬೊಜ್ಜು ಮಾತ್ರ ಲೆಕ್ಕಕ್ಕೆ ಸಿಗುವಷ್ಟು ಇಳಿಯಲಿಲ್ಲ. ನಡೆದವರಿಗೆ, ಓಡಿದವರಿಗೆ ಬೊಜ್ಜು ಇಳಿಯಿತು. ಎರಡನ್ನೂ ಮಾಡಿದವರಿಗೆ ಬೊಜ್ಜೂ ಇಳಿಯಿತು, ಸ್ನಾಯುವೂ ಬಂತು. ನಮ್ಮ ಹುಡುಗರ ಕೊರಗಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಂಡಿಲ್ಲ.

ಹಾಗಾದರೆ ಕಬ್ಬಿಣ ಬಿಟ್ಟು ಊಟ ಅರ್ಧ ಮಾಡಿ ಬರೀ ಓಡೋಣವೇ? ಬೇಡ. ವ್ಯಾಯಾಮವಿಲ್ಲದೆ ಊಟ ಮಾತ್ರ ಕಡಿಮೆ ಮಾಡಿ ತೂಕ ಇಳಿಸಿದರೆ, ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಬೊಜ್ಜಲ್ಲ, ಸ್ನಾಯು ಮೊದಲಾದ ಬೇಕಾದ ಸರಕು. ತಕ್ಕಡಿಯಲ್ಲಿ ತೂಕ ಇಳಿದಿರುತ್ತದೆ, ಮೈಯಲ್ಲಿ ಕಸುವಿರುವುದಿಲ್ಲ. ಆ ಸ್ನಾಯುವನ್ನು ಉಳಿಸಿಕೊಡುವುದು ಭಾರ ಎತ್ತುವ ಕೆಲಸ. ಊಟದಿಂದ ಬಂದ ಸಕ್ಕರೆಯ ಬಹುಪಾಲನ್ನು ರಕ್ತದಿಂದ ಎಳೆದುಕೊಳ್ಳುವುದೂ ಸ್ನಾಯುವೇ. ಮನೆಮನೆಗೂ ಸಕ್ಕರೆ ಕಾಯಿಲೆ ನುಗ್ಗುತ್ತಿರುವ ಕಾಲದಲ್ಲಿ ಇದು ಚಿಕ್ಕ ಮಾತಲ್ಲ.

ತಕ್ಕಡಿಯ ಮಾತು ಬಂತು. ತೂಕದ ಯಂತ್ರಕ್ಕಿಂತ ಸೊಂಟದ ಅಳತೆಯನ್ನು ನಂಬಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ನೋಡಬೇಕು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ. ಉಡುದಾರ ಕಟ್ಟುವವರಿಗೆ ಟೇಪೂ ಬೇಡ. ಅದು ತಿಂಗಳಿಂದ ತಿಂಗಳಿಗೆ ಸಡಿಲವಾಗುತ್ತಿದ್ದರೆ, ತೂಕ ಅಲ್ಲೇ ನಿಂತಿದ್ದರೂ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಊಟದ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ಮನೆಯ ಹಸುವಿನ ಹಾಲು ಎರಡು ಹೊತ್ತೂ ಡೈರಿಗೆ ಹೋಗುತ್ತದೆ. ಆ ದುಡ್ಡಿನಲ್ಲಿ ಮಗ ಸಾವಿರಾರು ರೂಪಾಯಿಯ ಪ್ರೋಟೀನ್ ಪುಡಿಯ ಡಬ್ಬಿ ತರುತ್ತಾನೆ. ಇಂಥ ಪುಡಿಗಳನ್ನು ಕೊಳ್ಳಬೇಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲೇ ಹೇಳಿವೆ. ಆರೋಗ್ಯವಂತರಿಗೆ ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವರು 1.2ರಿಂದ 1.6 ಗ್ರಾಂವರೆಗೆ ತೆಗೆದುಕೊಳ್ಳಬಹುದು. ಅರವತ್ತು ಕಿಲೋ ಹುಡುಗನಿಗೆ ಹೆಚ್ಚೆಂದರೆ 70ರಿಂದ 95 ಗ್ರಾಂ. ಇದನ್ನು ನಮ್ಮ ಅಡುಗೆಮನೆಯಲ್ಲೇ ಕೂಡಿಸಿ ನೋಡಿ. ಇನ್ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 14, ಅರ್ಧ ಲೀಟರ್ ಹಾಲಿನಲ್ಲಿ 16, ಎರಡು ಮೊಟ್ಟೆಯಲ್ಲಿ 12, ಐವತ್ತು ಗ್ರಾಂ ಹುರುಳಿಯಲ್ಲಿ 11, ಅಷ್ಟೇ ಕಡಲೆಕಾಯಿ ಬೀಜದಲ್ಲಿ 12. ಅಲ್ಲಿಗೇ 65 ಆಯಿತು. ಅವರೆಕಾಳು, ಅಲಸಂದೆ, ಅನ್ನ, ಮೊಸರು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕಡಿಮೆ ಮಾಡಬೇಕಾದದ್ದು ಬೇಕರಿ ತಿಂಡಿ, ಕರಿದದ್ದು, ಬಾಟಲಿ ಜ್ಯೂಸು, ಎರಡನೇ ಸಲ ಬಡಿಸಿಕೊಳ್ಳುವ ಅನ್ನದ ರಾಶಿ. ಉಪ್ಸಾರು ಮುದ್ದೆಯ ಮೇಲೆ ತಪ್ಪು ಹೊರಿಸಬೇಡಿ. ಬೇಗ ಮೈ ಬರಲಿ ಎಂದು ಚುಚ್ಚಿಸಿಕೊಳ್ಳುವ ಸ್ಟೆರಾಯ್ಡ್ ಬಗ್ಗೆ ಒಂದೇ ಮಾತು: ಯಾರೇ ಹೇಳಿದರೂ ಅದರ ಹತ್ತಿರ ಹೋಗಬೇಡಿ, ಅದು ಹೃದಯಕ್ಕೂ ಯಕೃತ್ತಿಗೂ ಪೆಟ್ಟು ಕೊಡುತ್ತದೆ.

ನಮ್ಮ ಕಡೆ ಬಹಳ ಹುಡುಗರ ಕನಸು ಪೊಲೀಸ್ ಕೆಲಸ. ತರಬೇತಿ ಶಾಲೆಯೂ ಚನ್ನಪಟ್ಟಣದಲ್ಲೇ ಇದೆ, ಸಮವಸ್ತ್ರದಲ್ಲಿ ಓಡುವವರನ್ನು ನೋಡಿಯೇ ಬೆಳೆದಿದ್ದಾರೆ. ಕಾನ್‌ಸ್ಟೇಬಲ್ ನೇಮಕಾತಿಯ ದೇಹಪರೀಕ್ಷೆ ನೋಡಿ. ಗಂಡು ಮಕ್ಕಳಿಗೆ 1,600 ಮೀಟರ್ ಓಟ, ಆರೂವರೆ ನಿಮಿಷದೊಳಗೆ. 3.80 ಮೀಟರ್ ಉದ್ದ ಜಿಗಿತ ಅಥವಾ 1.20 ಮೀಟರ್ ಎತ್ತರ ಜಿಗಿತ. 7.26 ಕಿಲೋ ಗುಂಡನ್ನು 5.60 ಮೀಟರ್ ಎಸೆಯಬೇಕು. ಜಿಮ್ಮಿನಲ್ಲಿ ಬೆಳೆದ ತೋಳು ಗುಂಡು ಎಸೆತಕ್ಕೆ ಆಗಿಬರುತ್ತದೆ. ಓಟದ ಎರಡನೇ ಸುತ್ತಿಗೇ ಪಕ್ಕೆ ಹಿಡಿದುಕೊಂಡು ನಿಂತ, ಒಳ್ಳೇ ಮೈಕಟ್ಟಿನ ಹುಡುಗರನ್ನು ಕಂಡು ನನಗೆ ಹೊಟ್ಟೆ ಉರಿದಿದೆ. ಓಟಕ್ಕೆ ಬೇಕಾದದ್ದು ರಕ್ತವನ್ನು ಬಿಡದೆ ತಳ್ಳುವ ಹೃದಯ, ಗಾಳಿ ಹೀರುವ ಪುಪ್ಪುಸ. ಅವು ಬಲಿಯುವುದು ಕಾಲಿಗೆ ಬಿಡುವಿಲ್ಲದ ಕೆಲಸ ಕೊಟ್ಟಾಗ. ಹತ್ತು ಸಲ ಎತ್ತಿ ಎರಡು ನಿಮಿಷ ಕೂತು ಮೊಬೈಲು ನೋಡಿದರೆ ಅವಕ್ಕೆ ಸಾಕಷ್ಟು ಕೆಲಸ ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದೇ ಅರ್ಥದ್ದು. ವಾರಕ್ಕೆ 150ರಿಂದ 300 ನಿಮಿಷ ಮೈ ಬೆಚ್ಚಗಾಗುವಂಥ ನಡಿಗೆ, ಸೈಕಲ್, ಈಜು. ಇಲ್ಲವೇ ಅದರ ಅರ್ಧದಷ್ಟು ಹೊತ್ತು ಜೋರು ಓಟ. ಅದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಬಲದ ವ್ಯಾಯಾಮ. ವಾರವೆಲ್ಲ ಜಿಮ್‌ಗೆ ಹೋಗುವವರು ಮೂರು ದಿನ ಎತ್ತಿ, ಮೂರು ದಿನ ಬೈಕು ಮನೆಯಲ್ಲೇ ಬಿಟ್ಟು ಕೆರೆ ಏರಿಯ ಮೇಲೆ ಬಿರುಸಾಗಿ ನಡೆಯಲಿ, ಅಭ್ಯಾಸವಾದ ಮೇಲೆ ಓಡಲಿ. ಒಂದು ದಿನ ಮೈಗೆ ಬಿಡುವು ಕೊಡಲಿ.

“ನಮಗ್ಯಾಕಪ್ಪಾ ಇವೆಲ್ಲ, ದಿನಾ ಗೇಯ್ತೀವಲ್ಲ” ಎಂದು ಕೇಳುವ ತಾಯಂದಿರಿಗೂ ಎರಡು ಮಾತು. ರೇಷ್ಮೆ ಮನೆಯ ಹೆಂಗಸರ ದುಡಿಮೆ ನಾನು ನೋಡಿದ್ದೇನೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಮೇಲೆ ಹುಳುವಿನ ಹಸಿವು ಹೇಳತೀರದು, ಅದರ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಈ ಕೊನೆಯ ವಾರದಲ್ಲೇ ಮುಗಿಯುತ್ತದೆ. ಬೆಳಗಿನ ಮಂಜಿನಲ್ಲೇ ಹಿಪ್ಪುನೇರಳೆ ಕಡ್ಡಿ ಕೊಯ್ದು ಹೊರೆ ಕಟ್ಟುತ್ತಾರೆ. ತಲೆಗೆ ಸಿಂಬೆ ಇಟ್ಟುಕೊಂಡು, ಹೊರೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆನ್ನು ನೆಟ್ಟಗೆ ಹಿಡಿದು, “ಒಸಿ ಎತ್ತಿಸವ್ವ” ಎಂದು ಇನ್ನೊಬ್ಬರನ್ನು ಕರೆದು, ತೊಡೆಯ ಬಲದಿಂದ ಏಳುತ್ತಾರೆ. ಭಾರ ಎತ್ತುವ ಸರಿಯಾದ ಕ್ರಮವನ್ನು ಇದಕ್ಕಿಂತ ಚೆನ್ನಾಗಿ ಯಾವ ಕೋಚ್ ಕೂಡ ತೋರಿಸಲಾರ. ಆಮೇಲೆ ಬದುವಿನ ಮೇಲೆ ಮನೆಯವರೆಗೆ ನಡಿಗೆ.

ಆದರೂ ದುಡಿಮೆಯೇ ವ್ಯಾಯಾಮ ಎಂದು ಹೇಳಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ದುಡಿಮೆ ಮೈ ಎಷ್ಟು ತಾಳುತ್ತದೆ ಎಂದು ಕೇಳುವುದಿಲ್ಲ, ಬಿಡುವು ಕೊಡುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದು ಉಣ್ಣುವ ಹೆಂಗಸಿಗೆ ಕಾಳು, ಹಾಲು, ಮೊಟ್ಟೆ ಸಿಗದಿದ್ದರೆ ಆ ದುಡಿಮೆ ಅವಳನ್ನು ಸವೆಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರರಲ್ಲಿ ಮೂರರಿಂದ ಎಂಟು ಪಾಲು ಸ್ನಾಯು ಕರಗುತ್ತದೆ, ಮುಟ್ಟು ನಿಂತ ಮೇಲೆ ಮೂಳೆಯೂ ಸವೆಯುತ್ತದೆ. ಇದನ್ನು ತಡೆಯುವುದು ಹೊಟ್ಟೆ ತುಂಬ ಒಳ್ಳೆಯ ಊಟ ಮತ್ತು ಮೆಲ್ಲಮೆಲ್ಲಗೆ ಹೆಚ್ಚಿಸುವ ಭಾರ. ಎತ್ತಿದರೆ ಗಂಡಸಿನ ಹಾಗೆ ದಪ್ಪ ಆಗುತ್ತೇವೆ ಎಂಬ ಭಯ ಬೇಡ. ಕುಂದಾಪುರದ ಗುರುರಾಜ ಪೂಜಾರಿ 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದರಲ್ಲ, ಅಷ್ಟು ಸಣ್ಣ ಮೈಯವರು ಎರಡು ಎತ್ತುಗಳಲ್ಲಿ ಒಟ್ಟು 249 ಕಿಲೋ ಎತ್ತಿದ್ದರು. ಬಲ ಬಂದ ಮಾತ್ರಕ್ಕೆ ಮೈ ಊದುವುದಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ನಮ್ಮನ್ನು ಅಗಲಿದ ಮೇಲೆ ಬಹಳ ಮನೆಗಳಲ್ಲಿ ಮಕ್ಕಳನ್ನು ಜಿಮ್‌ನಿಂದ ಬಿಡಿಸಿದರು. ಹೃದಯ ತಪಾಸಣೆಗೆ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಆ ನೋವು ಇನ್ನೂ ಆರಿಲ್ಲ. ಆದರೆ ವ್ಯಾಯಾಮ ಬಿಡುವುದು ಅದಕ್ಕೆ ಮದ್ದಲ್ಲ. ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಇರುವವರು, ಬೀಡಿ ಸಿಗರೇಟು ಸೇದುವವರು, ಮನೆತನದಲ್ಲಿ ಹೃದಯದ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕಂಡು ಆಮೇಲೆ ಶುರು ಮಾಡಿ. ಎತ್ತುವಾಗ ಉಸಿರು ಕಟ್ಟಬೇಡಿ, ರಕ್ತದೊತ್ತಡ ತಟ್ಟನೆ ಏರುತ್ತದೆ. ಎದೆ ಬಿಗಿದರೆ, ಎಡಗೈ ಅಥವಾ ದವಡೆ ನೋಯತೊಡಗಿದರೆ, ತಣ್ಣನೆ ಬೆವರು ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಗ್ಯಾಸ್ ಇರಬೇಕು ಎಂದುಕೊಂಡು ಕಾಯಬೇಡಿ.

ಕೊನೆಗೆ ಗ್ರಾಮ ಪಂಚಾಯಿತಿಯವರಲ್ಲಿ, ಶಾಲೆಯ ಎಸ್‌ಡಿಎಂಸಿಯವರಲ್ಲಿ ಒಂದು ಕೋರಿಕೆ. ಶಾಲೆಯ ಮೈದಾನದ ಗೇಟನ್ನು ಬೆಳಗಿನ ಐದು ಗಂಟೆಗೆ ತೆಗೆಸಿಕೊಡಿ. ಸುತ್ತಲೂ ಮುಳ್ಳು ಕಿತ್ತು, ಗುಂಡಿ ಮುಚ್ಚಿ, ಸುಣ್ಣದಲ್ಲಿ ಇನ್ನೂರು ಮೀಟರಿನ ಒಂದು ಸುತ್ತು ಎಳೆಸಿದರೆ ಎಂಟು ಸುತ್ತಿಗೆ ಪೊಲೀಸ್ ಪರೀಕ್ಷೆಯ ಓಟ ಆಗುತ್ತದೆ. ಎರಡು ಕಂಬ ನೆಟ್ಟು ಅಡ್ಡಕ್ಕೊಂದು ಗಟ್ಟಿ ಪೈಪು ಕಟ್ಟಿಸಿದರೆ ಜೋತು ಬಿದ್ದು ಮೈ ಎತ್ತುವುದಕ್ಕೆ ಸಾಕು. ಒಂದಿಷ್ಟು ಕೆಮ್ಮಣ್ಣು ಸುರಿಸಿದರೆ ಜಿಗಿತಕ್ಕೂ ಆಯಿತು, ಕುಸ್ತಿ ಬಲ್ಲ ಹಿರಿಯರು ಯಾರಾದರೂ ಬಂದರೆ ಮಟ್ಟಿಯೂ ಆಯಿತು. ಸಂಜೆ ಒಂದು ಗಂಟೆಯನ್ನು ಹೆಣ್ಣುಮಕ್ಕಳಿಗೆಂದೇ ಬಿಡಿ, ಆ ಹೊತ್ತಿಗೆ ಮೈದಾನದಲ್ಲಿ ದೀಪ ಉರಿಯಲಿ.